ಕ್ರೈಸ್ತ ಕುಟುಂಬ ಜೀವನವೂ ಕೈಯೊಳಗಿನ ಮೊಬೈಲೂ
(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿನಿ)

ಮನುಷ್ಯನು ಕಟ್ಟಿಕೊಂಡ ಸಂಸ್ಥೆಗಳಲ್ಲಿ ಕುಟುಂಬವೇ ಮೊದಲನೆಯದೆಂದು ಸಮಾಜಶಾಸ್ತ್ರದ ತರಗತಿಯಲ್ಲಿ ನಾವೆಲ್ಲರೂ ಕೇಳಿದ್ದೇವೆ. ಮತಧರ್ಮವು ಮೊದಲು ಕಾಲಿಡುವುದೂ ಅಲ್ಲಿಯೇ. ಮಗುವು ದೇವರ ಹೆಸರನ್ನು ಮೊದಲಬಾರಿಗೆ ಕೇಳುವುದು ಗುಡಿಯಲ್ಲಾಗಲಿ ಮಸೀದಿಯಲ್ಲಾಗಲಿ ಇಗರ್ಜಿಯಲ್ಲಾಗಲಿ ಅಲ್ಲ; ಅಜ್ಜಿಯ ಮಡಿಲಿನಲ್ಲಿ. ಕ್ರೈಸ್ತರಲ್ಲಿ ಈ ಮಾತನ್ನು ಶಾಸ್ತ್ರವಾಗಿಯೇ ಹೇಳಿದ್ದಾರೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಹೊರಡಿಸಿದ ಶಾಸನವೊಂದರಲ್ಲಿ ಕುಟುಂಬವು ಮನೆಯೊಳಗಿನ ಧರ್ಮಸಭೆ ಇದ್ದಂತೆ ಎಂಬ ಅರ್ಥದ ಮಾತು ಬರುತ್ತದೆ. ಹಾಗಾದರೆ ಆ ಮನೆಯೊಳಗಿನ ಪ್ರತಿಯೊಬ್ಬರ ಕೈಗೂ ಒಂದೊಂದು ಮೊಬೈಲು ಬಂದ ಮೇಲೆ ಆ ಚಿಕ್ಕ ಸಭೆಯ ಗತಿ ಏನಾಯಿತು? ಈ ಪ್ರಶ್ನೆಯನ್ನು ಬೇರೆಬೇರೆ ದೇಶದ ಕ್ರೈಸ್ತ ಮನೆಗಳ ಬಾಗಿಲಲ್ಲಿ ನಿಂತು ಕೇಳಿ ನೋಡುವುದು ಈ ಲೇಖನದ ಉದ್ದೇಶ.

ಮೊಬೈಲು ವರವೋ ಶಾಪವೋ ಎಂಬ ಚರ್ಚಾಸ್ಪರ್ಧೆಯ ವಿಷಯವನ್ನು ನಾನು ಇಲ್ಲಿ ಎತ್ತಿಕೊಂಡಿಲ್ಲ. ಆ ಸ್ಪರ್ಧೆಯಲ್ಲಿ ನಾನು ಎರಡು ಸಲ ಮಾತನಾಡಿದ್ದೇನೆ. ಒಮ್ಮೆ ಪರವಾಗಿ, ಒಮ್ಮೆ ವಿರೋಧವಾಗಿ. ಎರಡು ಸಲವೂ ಸಮಾಧಾನಕರ ಬಹುಮಾನವೇ ಬಂದಿತು. ಆದುದರಿಂದ ಆ ಬಗೆಯ ವಾದದಲ್ಲಿ ನನಗೆ ಆಸಕ್ತಿ ಉಳಿದಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳು. ತಂದೆಯವರು ಏಳನೆಯ ತರಗತಿಗೆ ಶಾಲೆ ಬಿಟ್ಟು, 2008ರಿಂದ ಅಬುಧಾಬಿಯಲ್ಲಿ ಅಡಿಗೆಯ ಕೆಲಸದಲ್ಲಿದ್ದಾರೆ. ತಂದೆಯವರನ್ನು ನಾನು ಬಲ್ಲದ್ದು ಹೆಚ್ಚಾಗಿ ಈ ಯಂತ್ರದ ಮೂಲಕವೇ. ಹೀಗಿರಲು ಯಂತ್ರವನ್ನು ಸಾರಾಸಗಟಾಗಿ ಹಳಿಯುವ ಹಕ್ಕು ನನಗಿಲ್ಲ. ಹೊಗಳುವುದಕ್ಕೂ ಮನಸ್ಸು ಒಪ್ಪುವುದಿಲ್ಲ.

ಮೊದಲು ಸ್ವಲ್ಪ ಇತಿಹಾಸ. ಕ್ರೈಸ್ತ ಮನೆಯೊಳಗೆ ಹೊಸ ಸಾಧನವೊಂದು ನುಗ್ಗಿದ್ದು ಇದೇ ಮೊದಲಲ್ಲ. ಜರ್ಮನಿಯಲ್ಲಿ ಅಚ್ಚಿನ ಯಂತ್ರ ಹುಟ್ಟಿ ನೂರು ವರ್ಷ ತುಂಬುವ ಮೊದಲೇ, 1529ರಲ್ಲಿ, ಮಾರ್ಟಿನ್ ಲೂಥರನು ಚಿಕ್ಕದೊಂದು ಪ್ರಶ್ನೋತ್ತರ ಪುಸ್ತಕವನ್ನು ಅಚ್ಚು ಹಾಕಿಸಿ, ಮನೆಯ ಯಜಮಾನನು ಅದನ್ನು ತನ್ನ ಮನೆಮಂದಿಗೆ ಹೇಳಿಕೊಡಬೇಕೆಂದು ವಿಧಿಸಿದನು. ನಮ್ಮ ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ನಿನವರು 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಸ್ಥಾಪಿಸಿದರು. 1843ರಲ್ಲಿ ಹರ್ಮನ್ ಮೊಗ್ಲಿಂಗರ 'ಮಂಗಳೂರು ಸಮಾಚಾರ' ಹೊರಟದ್ದು ಕನ್ನಡ ವಾಚಕರೆಲ್ಲರೂ ಬಲ್ಲ ಸಂಗತಿ. ಕ್ಯಾಥೊಲಿಕ್ ಕೊಂಕಣಿಗರಿಗೆ 1912ರಲ್ಲಿ 'ಕೊಂಕ್ಣಿ ದಿರ್ವೆಂ', 1938ರಲ್ಲಿ 'ರಾಕ್ಣೊ' ದೊರಕಿದವು. ಎರಡೂ ಕನ್ನಡ ಲಿಪಿಯಲ್ಲಿ. ರೇಡಿಯೋ ಬಂದಾಗಲೂ ಧರ್ಮಸಭೆ ಹಿಂಜರಿಯಲಿಲ್ಲ. 1931ರ ಫೆಬ್ರವರಿಯಲ್ಲಿ ಆರಂಭವಾದ ವ್ಯಾಟಿಕನ್ ರೇಡಿಯೋ ಕೇಂದ್ರವನ್ನು ಕಟ್ಟಿಕೊಟ್ಟವನು ಸ್ವತಃ ಮಾರ್ಕೋನಿ.

ಆದರೆ ಇವಕ್ಕೂ ಮೊಬೈಲಿಗೂ ಒಂದು ದೊಡ್ಡ ಭೇದವುಂಟು. ಪುಸ್ತಕವು ಮನೆಗೊಂದು; ಅಕ್ಷರ ಬಲ್ಲವನೊಬ್ಬನು ಓದಿದರೆ ಉಳಿದವರು ಸುತ್ತ ಕುಳಿತು ಕೇಳಬೇಕು. ರೇಡಿಯೋ ಕೂಡ ಹಾಗೆಯೇ. ಸಾಧನದ ಕೊರತೆಯೇ ಜನರನ್ನು ಒಂದೆಡೆ ಕೂಡಿಸುತ್ತಿತ್ತು. ಮೊಬೈಲು ತಲೆಗೊಂದು. ದಿವಂಗತ ಪೋಪ್ ಫ್ರಾನ್ಸಿಸರು ಕುಟುಂಬ ಜೀವನವನ್ನು ಕುರಿತು 2016ರಲ್ಲಿ ಪ್ರಕಟಿಸಿದ ದೀರ್ಘ ಪತ್ರದಲ್ಲಿ, ಊಟದ ಹೊತ್ತಿಗೆ ಒಬ್ಬೊಬ್ಬರೂ ತಮ್ಮ ತಮ್ಮ ಮೊಬೈಲಿನಲ್ಲಿ ಮುಳುಗಿರುವುದನ್ನೂ, ಯಂತ್ರದೊಡನೆ ಆಡುತ್ತ ಕುಳಿತ ಸಂಗಾತಿಗಾಗಿ ಕಾದು ಕಾದು ಇನ್ನೊಬ್ಬರು ನಿದ್ದೆಹೋಗುವುದನ್ನೂ ಪ್ರಸ್ತಾಪಿಸಿದ್ದಾರೆ. ರೋಮಿನಲ್ಲಿ ಕುಳಿತ ವೃದ್ಧ ಧರ್ಮಗುರುಗಳಿಗೆ ನಮ್ಮ ಮನೆಯ ರಾತ್ರಿ ಎಂಟು ಗಂಟೆಯ ಚಿತ್ರ ಹೇಗೆ ತಿಳಿಯಿತೆಂದು ನನಗೆ ಆಶ್ಚರ್ಯವಾಯಿತು.

ಈಗ ಅಮೆರಿಕೆಯ ಪೆನ್ಸಿಲ್ವೇನಿಯ ಪ್ರಾಂತಕ್ಕೆ ಹೋಗೋಣ. ಅಲ್ಲಿ ಅಮಿಶ್ ಎಂಬ ಕ್ರೈಸ್ತ ಪಂಗಡದವರಿದ್ದಾರೆ. 1693ರಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಅಲ್ಸಾಸ್ ಸೀಮೆಯಲ್ಲಿ ಯಾಕೋಬ್ ಅಮ್ಮಾನ್ ಎಂಬವನ ನೇತೃತ್ವದಲ್ಲಿ ಬೇರೆಯಾಗಿ, ಹದಿನೆಂಟನೆಯ ಶತಮಾನದಲ್ಲಿ ಕಡಲು ದಾಟಿದವರು. ಇಂದಿಗೂ ಮನೆಯೊಳಗೆ ಜರ್ಮನ್ ಭಾಷೆಯ ಒಂದು ಉಪಭಾಷೆಯನ್ನಾಡುತ್ತಾರೆ, ಕುದುರೆಗಾಡಿಯಲ್ಲಿ ಓಡಾಡುತ್ತಾರೆ. ಅವರಿಗೆ ಪ್ರತ್ಯೇಕ ಇಗರ್ಜಿಯ ಕಟ್ಟಡವಿಲ್ಲ. ಇಪ್ಪತ್ತರಿಂದ ನಲವತ್ತು ಕುಟುಂಬಗಳು ಸೇರಿ ಒಂದು ಸಭೆ. ಎರಡು ವಾರಕ್ಕೊಮ್ಮೆ ಸರದಿಯಂತೆ ಒಬ್ಬರ ಮನೆಯಲ್ಲಿ ಆರಾಧನೆ. ಮನೆಯೇ ಧರ್ಮಸಭೆ ಎಂಬುದು ಅವರಲ್ಲಿ ಬರಿಯ ಉಪಮೆಯಲ್ಲ.

ಇವರು ಯಂತ್ರದ್ವೇಷಿಗಳೆಂದು ಜನ ನಗುವುದುಂಟು. ನಾನೂ ಹಾಗೆಯೇ ತಿಳಿದಿದ್ದೆ. ಡೊನಾಲ್ಡ್ ಕ್ರೇಬಿಲ್ ಎಂಬ ಸಮಾಜಶಾಸ್ತ್ರಜ್ಞರು 1989ರಲ್ಲಿ ಪ್ರಕಟಿಸಿದ ಗ್ರಂಥವು ಈ ವಿಷಯದಲ್ಲಿ ಪ್ರಸಿದ್ಧವಾದುದು. 1910ರ ಸುಮಾರಿಗೆ ಟೆಲಿಫೋನು ಹಳ್ಳಿಗಳಿಗೆ ಬಂದಾಗ ಕೆಲವು ಅಮಿಶ್ ಮನೆಗಳಲ್ಲಿಯೂ ಅದನ್ನು ಹಾಕಿಸಿಕೊಂಡಿದ್ದರು. ಮನೆಯಲ್ಲಿ ಅದು ಕೂಡದೆಂದು ಸಭೆ ತೀರ್ಮಾನಿಸಿತು. ಟೆಲಿಫೋನು ಬಂದರೆ ನೆರೆಯವರು ಒಬ್ಬರ ಮನೆಗೊಬ್ಬರು ನಡೆದು ಹೋಗುವುದು ಕಡಮೆಯಾಗುವುದು, ಚಾಡಿಮಾತು ಬೆಳೆಯುವುದು, ಊಟಕ್ಕೆ ಕುಳಿತಾಗ, ಪ್ರಾರ್ಥನೆಗೆ ನಿಂತಾಗ ಹೊರಗಿನವನೊಬ್ಬನು ಗಂಟೆ ಬಾರಿಸಿ ಎಬ್ಬಿಸುವನು. ಅವರ ಅಂಜಿಕೆ ಇಂಥದು. ಮುಂದೆ ವೈದ್ಯರನ್ನು ಕರೆಯಬೇಕಾದಾಗ, ಸರಕು ಮಾರಬೇಕಾದಾಗ ಟೆಲಿಫೋನು ಬೇಕೇ ಬೇಕೆಂದಾಯಿತು. ಆಗ ಅವರು ಕಂಡುಕೊಂಡ ಉಪಾಯ ಸೊಗಸಾಗಿದೆ. ದಾರಿಯ ಕೊನೆಯಲ್ಲಿ ಮರದ ಹಲಗೆಯ ಚಿಕ್ಕ ಗುಡಿಸಲು ಕಟ್ಟಿ ಅದರೊಳಗೆ ಟೆಲಿಫೋನನ್ನಿಟ್ಟರು. ಹಲವು ಮನೆಗಳಿಗೆ ಅದೊಂದೇ. ಬೇಕಾದವನು ಎದ್ದು ನಡೆದುಹೋಗಿ ಮಾತನಾಡಿ ಬರಬೇಕು.

ಮೊಬೈಲು ಈ ಗುಡಿಸಲಿನ ಗೋಡೆಯನ್ನು ಸುಲಭವಾಗಿ ದಾಟಿತು. ಜೇಬಿನಲ್ಲಿರುವುದಕ್ಕೆ ದಾರಿಯ ಕೊನೆ ಎಲ್ಲಿ? ಮರಗೆಲಸದ ಗುತ್ತಿಗೆ ಹಿಡಿಯುವ ಅಮಿಶ್ ಗಂಡಸರಲ್ಲಿ ಮೊಬೈಲು ಇರುವುದುಂಟು. ದೀಕ್ಷಾಸ್ನಾನಕ್ಕೆ ಮೊದಲಿನ ತಾರುಣ್ಯದಲ್ಲಿ ಹುಡುಗ ಹುಡುಗಿಯರಿಗೆ ಸ್ವಲ್ಪ ಸಡಿಲವಿರುವುದರಿಂದ ಅವರಲ್ಲಿಯೂ ಇರುವುದುಂಟು. ವರ್ಷಕ್ಕೆ ಎರಡು ಸಲ, ಪರಮಪ್ರಸಾದಕ್ಕೆ ಮೊದಲು, ಸಭೆ ಸೇರಿ ತಮ್ಮ ನಿಯಮಗಳಿಗೆ ಎಲ್ಲರೂ ಒಪ್ಪಿದ್ದಾರೆಯೆ ಎಂದು ವಿಚಾರಿಸುವ ಪದ್ಧತಿಯಿದೆ. ಒಂದು ಸಭೆ ಒಪ್ಪಿದ್ದನ್ನು ನೆರೆಯ ಸಭೆ ಒಪ್ಪದಿರಬಹುದು. ಇವರ ನಿಯಮಗಳು ನಮಗೆ ಹೊಂದುವಂಥವಲ್ಲ. ಎಂಟನೆಯ ತರಗತಿಗೆ ಶಾಲೆ ನಿಲ್ಲಿಸುವ ಅವರ ಪದ್ಧತಿ ನಮ್ಮಲ್ಲಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಆದರೂ ಸಾಧನವೊಂದು ಬಂದಾಗ 'ಇದರಿಂದ ನನಗೇನು ಲಾಭ' ಎಂದು ಕೇಳುವ ಬದಲು 'ಇದರಿಂದ ನಮ್ಮ ನೆರೆಹೊರೆ ಏನಾದೀತು' ಎಂದು ನಾಲ್ಕು ಜನ ಕುಳಿತು ಕೇಳುವುದು ನನಗೆ ಹಿಡಿಸಿತು. ನಮ್ಮ ಯಾವ ಮನೆಯಲ್ಲಿ ಮೊಬೈಲು ಕೊಳ್ಳುವ ಮುನ್ನ ಅಂಥ ಮಾತುಕತೆ ನಡೆದಿದೆ? ಬೆಲೆಯ ಮಾತು ನಡೆದಿರಬಹುದು.

ಅಮಿಶ್ ಜನರ ಚಿಂತೆ ಜೊತೆಯಲ್ಲಿರುವವರು ದೂರವಾಗದಂತೆ ನೋಡಿಕೊಳ್ಳುವುದು. ಫಿಲಿಪ್ಪೀನ್ಸ್ ದ್ವೀಪಗಳವರ ಚಿಂತೆ ಇದರ ಇನ್ನೊಂದು ಮಗ್ಗುಲು: ದೂರವಾದವರನ್ನು ಹತ್ತಿರ ಇಟ್ಟುಕೊಳ್ಳುವುದು. ಅಲ್ಲಿ 2020ರ ಜನಗಣತಿಯಂತೆ ನೂರಕ್ಕೆ ಸುಮಾರು 79 ಮಂದಿ ರೋಮನ್ ಕ್ಯಾಥೊಲಿಕರು. ಗಂಡಸರಷ್ಟೇ ಅಲ್ಲ, ಹೆಂಗಸರೂ ತಾಯಂದಿರೂ ದೊಡ್ಡ ಸಂಖ್ಯೆಯಲ್ಲಿ ದಾದಿಯರಾಗಿ, ಮನೆಗೆಲಸದವರಾಗಿ ಪರದೇಶಗಳಲ್ಲಿದ್ದಾರೆ. ಡಿಸೆಂಬರ್ 16ರಿಂದ 24ರವರೆಗೆ ನಸುಕಿನಲ್ಲಿ ನಡೆಯುವ ಒಂಬತ್ತು ಪೂಜೆಗಳೂ, ಕ್ರಿಸ್‌ಮಸ್ ಹಿಂದಿನ ನಡುರಾತ್ರಿಯ ಭೋಜನವೂ ಅವರಿಗೆ ಬಹಳ ಮುಖ್ಯ. ಆ ಭೋಜನದ ಮೇಜಿನ ಮೇಲೆ ತಾಯಿಯ ಮುಖವನ್ನು ತೋರುವ ಯಂತ್ರವೂ ಒಂದು ತಟ್ಟೆಯಂತೆ ಸ್ಥಾನ ಪಡೆದಿದೆ.

ಮಿರ್ಕಾ ಮದಿಯಾನು, ಡೇನಿಯಲ್ ಮಿಲ್ಲರ್ ಎಂಬ ಇಬ್ಬರು ವಿದ್ವಾಂಸರು ಇಂಗ್ಲೆಂಡಿನಲ್ಲಿ ದುಡಿಯುವ ಫಿಲಿಪ್ಪೀನ್ಸ್ ತಾಯಂದಿರನ್ನೂ, ಊರಿನಲ್ಲಿ ಉಳಿದ ಅವರ ಮಕ್ಕಳನ್ನೂ ಪ್ರತ್ಯೇಕವಾಗಿ ಮಾತನಾಡಿಸಿ 2012ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಮೊಬೈಲಿನಿಂದ ತಾವು ಮತ್ತೆ ತಾಯಂದಿರಾದೆವೆಂದು, ಮಕ್ಕಳ ಊಟ, ಪಾಠ, ಜ್ವರ ಎಲ್ಲವನ್ನೂ ವಿಚಾರಿಸಿಕೊಳ್ಳಲು ಸಾಧ್ಯವಾಯಿತೆಂದು ತಾಯಂದಿರು ಹೆಚ್ಚಾಗಿ ಸಂತೋಷಪಟ್ಟರಂತೆ. ಮಕ್ಕಳ ಮಾತು ಹಾಗಿರಲಿಲ್ಲ. ಕೆಲವರಿಗೆ ಹಿತವಾಗಿತ್ತು, ಆದರೆ ತೀರ ಎಳೆಯ ವಯಸ್ಸಿನಲ್ಲಿ ತಾಯಿಯಿಂದ ಅಗಲಿದವರಿಗೆ ಅದು ಅನೇಕ ವೇಳೆ ವಿಚಾರಣೆಯಂತೆ, ಹೊರೆಯಂತೆ ತೋರಿತು. ಒಂದೇ ಕರೆಯ ಎರಡು ತುದಿಗಳಲ್ಲಿ ಎರಡು ಅನುಭವ! ಈ ಭಾಗವನ್ನು ಓದುವಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಅಬುಧಾಬಿಯಿಂದ ತಂದೆಯವರು 'ಅಂಕ ಎಷ್ಟು ಬಂತು?' ಎಂದು ಕೇಳಿದಾಗಲೆಲ್ಲ ನಾನು ಚುಟುಕಾಗಿ ಉತ್ತರಿಸುತ್ತಿದ್ದುದಕ್ಕೆ ಒಂದು ಶಾಸ್ತ್ರೀಯ ಕಾರಣ ದೊರಕಿತು.

ಫಿಲಿಪ್ಪೀನ್ಸಿನವರಲ್ಲಿ ಇನ್ನೊಂದು ಪದ್ಧತಿಯಿದೆ. ಕಿರಿಯರು ಹಿರಿಯರ ಕೈಯನ್ನು ಹಿಡಿದು ತಮ್ಮ ಹಣೆಗೆ ಮುಟ್ಟಿಸಿಕೊಳ್ಳುವರು. ಅದನ್ನು 'ಮಾನೊ' ಎನ್ನುವರು. ಸ್ಪ್ಯಾನಿಶ್ ಭಾಷೆಯಲ್ಲಿ ಹಾಗೆಂದರೆ ಕೈ. ನಮ್ಮ ಕರಾವಳಿಯ ಕ್ಯಾಥೊಲಿಕ್ ಮನೆಗಳಲ್ಲಿ ಸಂಜೆಯ ಪ್ರಾರ್ಥನೆ ಮುಗಿದ ಕೂಡಲೇ ಮಕ್ಕಳು ಹಿರಿಯರ ಎದುರು ಕೈಮುಗಿದು 'ಬೆಸಾಂವ್' ಬೇಡುತ್ತಾರೆ. ಇದು ಆಶೀರ್ವಾದ ಎಂಬರ್ಥದ ಪೋರ್ಚುಗೀಸ್ ಶಬ್ದದಿಂದ ಬಂದದ್ದು. ಎರಡು ಕಡಲುಗಳ ಆಚೆ ಈಚೆ ಇರುವ ಎರಡು ಜನಾಂಗಗಳಲ್ಲಿಯೂ ಆಶೀರ್ವಾದ ಬೇಡುವುದಕ್ಕೆ ಎದುರಿಗೆ ನಿಲ್ಲಬೇಕು. ಹಿರಿಯರು ಎದುರಿಗೆ ಇಲ್ಲದಿದ್ದರೆ?

ನಮ್ಮ ಮನೆಯ ಸಂಗತಿಯನ್ನೇ ಹೇಳುತ್ತೇನೆ. ಮಂಗಳೂರಿನ ಸುತ್ತಣ ಹಳ್ಳಿಗಳಿಂದ ಕೊಲ್ಲಿ ದೇಶಗಳಿಗೆ ವಲಸೆ ಬಲವಾದುದು 1970ರ ದಶಕದಿಂದ. ಆಗ ಕಾಗದ, ಆಮೇಲೆ ಮಾತನ್ನು ತುಂಬಿ ಕಳಿಸುವ ಕ್ಯಾಸೆಟ್ಟು, ಬಳಿಕ ಪೇಟೆಯ ಟೆಲಿಫೋನ್ ಬೂತಿನ ಮುಂದೆ ಸಾಲು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಅಂತರ್ಜಾಲ ಅಗ್ಗವಾದ ಮೇಲೆ ನಮ್ಮ ತಾಯಿಯವರ ಕೈಗೂ ಒಂದು ಮೊಬೈಲು ಬಂದಿತು. ಆದರೆ ಅಬುಧಾಬಿಯಿಂದ ವಾಟ್ಸಾಪಿನ ಕರೆ ಬರುತ್ತಿರಲಿಲ್ಲ. ಅಂಥ ಕರೆಗಳಿಗೆ ಅಲ್ಲಿ ನಿರ್ಬಂಧವಿತ್ತು. ದುಡ್ಡು ಕೊಟ್ಟು ಬಳಸುವ ಬೇರೆ ವ್ಯವಸ್ಥೆಯಿತ್ತಾದರೂ ತಂದೆಯವರು ಅದನ್ನು ಭಾನುವಾರಕ್ಕೆಂದು ಕಾದಿಡುತ್ತಿದ್ದರು. ಉಳಿದ ದಿನ ಧ್ವನಿಸಂದೇಶ. ರಾತ್ರಿ ತೇರ್ಸ್, ಲದಿನ್ ಮುಗಿಸಿ ತಮ್ಮನೂ ನಾನೂ 'ಬೆಸಾಂವ್ ದಿ ಪಪ್ಪಾ' ಎಂದು ಹೇಳಿ ಕಳಿಸುತ್ತಿದ್ದೆವು. ಅವರು ಕೆಲಸ ಮುಗಿಸಿ, ಸ್ನಾನ ಮಾಡಿ, ನಾವು ಮಲಗಿದ ಎಷ್ಟೋ ಹೊತ್ತಿನ ಮೇಲೆ ಆಶೀರ್ವಾದವನ್ನು ಹೇಳಿ ಕಳಿಸುತ್ತಿದ್ದರು. ಬೆಳಿಗ್ಗೆ ಶಾಲೆಗೆ ಹೊರಡುವಾಗ ಅದನ್ನು ಕೇಳುತ್ತಿದ್ದೆವು. ರಾತ್ರಿಯ ಬೇಡಿಕೆಗೆ ಬೆಳಗಿನ ಉತ್ತರ. ಅಜ್ಜಿಗೆ ಇದು ಹಿಡಿಸುತ್ತಿರಲಿಲ್ಲ. ಆಶೀರ್ವಾದವನ್ನು ತಂಗಳನ್ನದಂತೆ ಇಟ್ಟು ತಿನ್ನುತ್ತೀರಲ್ಲ ಎನ್ನುತ್ತಿದ್ದಳು.

ಪ್ರಾರ್ಥನೆಯ ನಾಯಕತ್ವವೂ ಕೈ ಬದಲಾಯಿಸಿತು. ನಮ್ಮ ವಾರ್ಡಿನ ಅನೇಕ ಮನೆಗಳಲ್ಲಿ ನಾನು ಕಂಡುದನ್ನೇ ಬರೆಯುತ್ತಿದ್ದೇನೆ. ಅಜ್ಜಿಯಂದಿರಿಗೆ ಲದಿನ್ ಕಂಠಪಾಠ. ಈಗ ಮೊಬೈಲಿನಲ್ಲಿ ತೇರ್ಸಿನ ಧ್ವನಿಮುದ್ರಿಕೆ ಹಾಕಿ, ಯಂತ್ರ ಮೊದಲರ್ಧ ಹೇಳಿದರೆ ಮನೆಯವರು ಉತ್ತರಾರ್ಧ ಹೇಳುವ ರೂಢಿ ಬಂದಿದೆ. ಮೊದಲು ಎಲ್ಲರೂ ಉತ್ತರಿಸುವರು. ಕ್ರಮೇಣ ಯಂತ್ರವೇ ಉತ್ತರಾರ್ಧವನ್ನೂ ಹೇಳುವಾಗ ಜನರ ಧ್ವನಿ ತಗ್ಗುವುದು. ಒಂದು ಸಂಜೆ ನೆರೆಮನೆಯಲ್ಲಿ ಆಲ್ತಾರಿನ ಮುಂದೆ ಮೊಬೈಲೊಂದೇ ತೇರ್ಸ್ ಹೇಳುತ್ತಿತ್ತು. ಮನೆಯವರು ಬಾವಿಕಟ್ಟೆಯ ಬಳಿ ಇದ್ದರು. ಇದನ್ನು ಕಂಡು ನಗು ಬಂದಿತಾದರೂ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಶಾರ್ಜಾದಲ್ಲಿ ಬೆಳೆಯುತ್ತಿರುವ ನನ್ನ ಚಿಕ್ಕಪ್ಪನ ಮಕ್ಕಳಿಗೆ ಕನ್ನಡ ಲಿಪಿ ಬಾರದು. ಆದುದರಿಂದ ನಮ್ಮ ಕೊಂಕಣಿ ಪ್ರಾರ್ಥನಾ ಪುಸ್ತಕ ಅವರ ಪಾಲಿಗೆ ಮುಚ್ಚಿದ ಪೆಟ್ಟಿಗೆ. ಅವರು 'ಆಮ್ಚ್ಯಾ ಬಾಪಾ' ಕಲಿತದ್ದು ಅಜ್ಜಿ ಮೊಬೈಲಿಗೆ ಹೇಳಿ ಕಳಿಸಿದ ಧ್ವನಿಯಿಂದ. ಅಕ್ಷರವರಿಯದ ಅಜ್ಜಿ ಕಡಲಾಚೆಯ ಮೊಮ್ಮಕ್ಕಳಿಗೆ ಉಪದೇಶಿಯಾದಳು. ಈ ಕೆಲಸ ಅಚ್ಚಿನ ಪುಸ್ತಕದಿಂದ ಆಗುತ್ತಿರಲಿಲ್ಲ.

ಹೇಳಲು ಸಂಕೋಚವಾಗುವ ಒಂದು ಸಂಗತಿಯೂ ಇದೆ. ಹೊರದೇಶದಲ್ಲಿರುವ ಗಂಡನು ಹೊತ್ತಿಲ್ಲದ ಹೊತ್ತಿನಲ್ಲಿ ಕರೆದು, ಎಲ್ಲಿದ್ದೀ, ಯಾರಿದ್ದಾರೆ, ಮೊಬೈಲು ತಿರುಗಿಸಿ ತೋರಿಸು ಎನ್ನುವುದುಂಟು. ಕಾಗದದ ಕಾಲದ ಹೆಂಡತಿಗೆ ವಿರಹವಿತ್ತು. ಆದರೆ ಮನೆಯ ಲೆಕ್ಕ, ತೋಟದ ಕೆಲಸ, ಮಕ್ಕಳ ಶಾಲೆ ಎಲ್ಲದರಲ್ಲಿಯೂ ಅವಳದೇ ತೀರ್ಮಾನ ನಡೆಯುತ್ತಿತ್ತು. ಈಗ ಅಡಿಕೆ ಮಾರುವ ಮೊದಲು, ಎಷ್ಟೋ ಮನೆಗಳಲ್ಲಿ ತವರಿಗೆ ಹೋಗುವ ಮೊದಲೂ, ಪರದೆಯ ಒಪ್ಪಿಗೆ ಬೇಕು. ನಮ್ಮ ಅನೇಕ ಉಪನ್ಯಾಸಗಳಲ್ಲಿ 'ಕುಟುಂಬದ ಐಕ್ಯ' ಎಂಬ ಮಾತು ಬರುವಾಗ ಇದರ ಪ್ರಸ್ತಾಪ ಬರುವುದಿಲ್ಲ. ಹತ್ತಿರವಾಗುವುದೂ ಕಾವಲು ಕಾಯುವುದೂ ಒಂದೇ ಅಲ್ಲವೆಂಬುದನ್ನು ಹೆಂಗಸರು ಬಲ್ಲರು.

2020ನೆಯ ಇಸವಿಯು ಈ ಎಲ್ಲವನ್ನೂ ಏಕಕಾಲಕ್ಕೆ ಪರೀಕ್ಷೆಗೆ ಒಡ್ಡಿತು. ಮಾರ್ಚ್ 27ರ ರಾತ್ರಿ ಹತ್ತೂವರೆಗೆ ನಾವು ನಾಲ್ವರು ಒಂದೇ ಮೊಬೈಲಿನ ಸುತ್ತ ಕುಳಿತು, ಮಳೆ ಸುರಿಯುತ್ತಿದ್ದ ಬರಿದಾದ ಸಂತ ಪೇತ್ರರ ಚೌಕದಲ್ಲಿ ಪೋಪರು ಒಬ್ಬರೇ ನಡೆದು ಬರುವುದನ್ನು ಕಂಡೆವು. ಇಗರ್ಜಿಗಳು ಮುಚ್ಚಿದ್ದವು, ಭಾನುವಾರದ ಬಲಿಪೂಜೆ ಮೊಬೈಲಿನಲ್ಲಿ. ಅಜ್ಜಿ ಅದಕ್ಕೂ ಸೀರೆ ಬದಲಾಯಿಸಿ, ತಲೆಗೆ ಸೆರಗು ಹೊದ್ದು ಕೂರುತ್ತಿದ್ದಳು. ಆ ಜುಲೈಯಲ್ಲಿ ಅಜ್ಜ ತೀರಿಕೊಂಡರು. ಅಂತ್ಯಕ್ರಿಯೆಗೆ ಇಪ್ಪತ್ತು ಜನಕ್ಕಿಂತ ಹೆಚ್ಚು ಸೇರಬಾರದೆಂಬ ನಿಯಮವಿತ್ತು, ಸಾಮಾನ್ಯ ವಿಮಾನಗಳಿಲ್ಲ, ತಂದೆಯವರಿಗೆ ಟಿಕೇಟು ಸಿಗಲಿಲ್ಲ. ಅವರ ಗೆಳೆಯರೊಬ್ಬರು ತಮ್ಮ ಖಾತೆಯಿಂದ ಕರೆ ಮಾಡಿಸಿದರು. ನಾನು ಮೊಬೈಲು ಹಿಡಿದು ಶವದ ಹಿಂದೆ ನಡೆದೆ. ಇಗರ್ಜಿಯೊಳಗೆ ಚೆನ್ನಾಗಿಯೇ ಕಂಡಿತಂತೆ. ಸಿಮಿತ್ರಿಯ ಇಳಿಜಾರಿನಲ್ಲಿ ನೆಟ್‌ವರ್ಕು ನಿಂತುಹೋಯಿತು. ಪೆಟ್ಟಿಗೆ ಇಳಿಸಿದ್ದನ್ನು ಅವರು ನೋಡಲಿಲ್ಲ. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುವಾಗ ನನ್ನ ತಾಯಿ ಎರಡು ಹಿಡಿ ಹಾಕಿದರು. ಎರಡನೆಯದು ಯಾರದೆಂದು ಯಾರೂ ಕೇಳಲಿಲ್ಲ.

ಆ ದಿನ ಮೊಬೈಲು ಇಲ್ಲದಿದ್ದರೆ ಚೆನ್ನಾಗಿತ್ತೆ? ಇಲ್ಲ. ತಂದೆಯ ಮುಖವನ್ನು ಕೊನೆಯ ಸಲ ಅವರು ಕಂಡರು. ಅದು ಸಣ್ಣ ಮಾತಲ್ಲ. ಆದರೆ ಮೊಬೈಲು ತೋರಿಸಬಲ್ಲುದು, ಕೇಳಿಸಬಲ್ಲುದು. ಅವರ ಕೈಗೆ ಮಣ್ಣು ಕೊಡಲಾರದು. ಸೆಪ್ಟೆಂಬರ್ 8ರ ಮೊಂತಿ ಹಬ್ಬವನ್ನು ನೋಡಿರಿ. ಒಂಬತ್ತು ದಿನ ಮಕ್ಕಳು ಮಾತೆಗೆ ಹೂ ಅರ್ಪಿಸಿದ ಮೇಲೆ, ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು, ಅದರ ಕಾಳನ್ನು ಹಾಲಿನಲ್ಲಿಯೋ ಪಾಯಸದಲ್ಲಿಯೋ ಹಾಕಿ ಮನೆಮಂದಿಯೆಲ್ಲ ಸೇವಿಸುವುದು ಪದ್ಧತಿ. ಇದನ್ನು 'ನವೆಂ' ಎನ್ನುವರು. ಹೊರಗಿರುವವರಿಗೆ ಕಾಳನ್ನು ಲಕೋಟೆಯಲ್ಲಿಟ್ಟು ಟಪಾಲಿನಲ್ಲಿ ಕಳಿಸುವ ಹಳೆಯ ವಾಡಿಕೆಯಿದೆ. ಪೂಜೆಯ ನೇರ ಪ್ರಸಾರ ಬಂದ ಮೇಲೂ ಈ ಲಕೋಟೆ ನಿಂತಿಲ್ಲ. ನಮ್ಮ ತಾಯಿಯವರು ಅದನ್ನು ಕಳಿಸಿದ ಮೇಲೆ ಧ್ವನಿಸಂದೇಶದಲ್ಲಿ ತಿಳಿಸುತ್ತಾರೆ. ತಲಪಿದ ದಿನ ತಂದೆಯವರು ತಾವು ನವೆಂ ಊಟ ಮಾಡುವುದನ್ನು ತೋರಿಸುತ್ತಾರೆ. ಇಲ್ಲಿ ಟಪಾಲು ಕಾಳನ್ನು ಹೊತ್ತರೆ ಮೊಬೈಲು ಮಾತನ್ನು ಹೊತ್ತಿತು.

ಇನ್ನು ಸರಕಾರಗಳು ಈ ವಿಷಯಕ್ಕೆ ಕೈಹಾಕಿವೆ. ಆಸ್ಟ್ರೇಲಿಯದಲ್ಲಿ 16 ವರ್ಷ ತುಂಬದವರಿಗೆ ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಇರಕೂಡದೆಂಬ ಕಾನೂನು 2025ರ ಡಿಸೆಂಬರ್ 10ರಿಂದ ಜಾರಿಗೆ ಬಂದಿತು. ನಮ್ಮ ದೇಶದ 2023ರ ದತ್ತಾಂಶ ಸಂರಕ್ಷಣಾ ಅಧಿನಿಯಮವು 18 ವರ್ಷದೊಳಗಿನವರ ವಿಷಯದಲ್ಲಿ ತಂದೆತಾಯಿಗಳ ಒಪ್ಪಿಗೆಯನ್ನು ಕೇಳುತ್ತದೆ. ಕೇಳಲು ಚೆನ್ನಾಗಿದೆ. ಆದರೆ ನನ್ನಂಥವರ ಮನೆಯಲ್ಲಿ ತಾಯಿಯ ಮೊಬೈಲಿಗೆ ಖಾತೆ ತೆರೆದವಳು ಮಗಳು. ಗುಪ್ತಪದ ಇಟ್ಟವಳೂ ಮಗಳು. ಒಪ್ಪಿಗೆಯ ಗುಂಡಿ ಒತ್ತಬೇಕಾದಾಗ ತಾಯಿ 'ಎಲ್ಲಿ ಒತ್ತಬೇಕು, ಬಾಯೆ?' ಎಂದು ಕೇಳುವುದು ಮಗಳನ್ನೇ. ಲೂಥರನು ಯಜಮಾನನ ಕೈಗೆ ಪುಸ್ತಕ ಕೊಟ್ಟು ಮನೆಮಂದಿಗೆ ಹೇಳಿಕೊಡಲು ಹೇಳಿದನು. ಇಲ್ಲಿ ಮಕ್ಕಳೇ ಗುರುಗಳು. ಈ ಹೊಸ ಅಧಿಕಾರವನ್ನು ನಾವು, ಅಂದರೆ ಮೊದಲ ತಲೆಮಾರಿನ ಪದವೀಧರರು, ಹೇಗೆ ಬಳಸುತ್ತಿದ್ದೇವೆ? ತಾಯಿಗೆ ಹಣ ಕಳಿಸುವುದನ್ನು, ಸುಳ್ಳು ಸುದ್ದಿಯನ್ನು ಗುರುತಿಸುವುದನ್ನು ಕಲಿಸಿದವರೆಷ್ಟು ಮಂದಿ, 'ನಿಮಗೆ ತಿಳಿಯದು, ಇಲ್ಲಿ ಕೊಡಿ' ಎಂದು ಕಸಿದುಕೊಂಡವರೆಷ್ಟು ಮಂದಿ?

ಈಗ ನಮ್ಮ ಧರ್ಮಕೇಂದ್ರದಲ್ಲಿ ಭಾನುವಾರದ ಪೂಜೆಯ ನೇರ ಪ್ರಸಾರವನ್ನು ನಿಲ್ಲಿಸಬೇಕೆ ಬೇಡವೆ ಎಂಬ ಚರ್ಚೆ ನಡೆದಿದೆ. ನಡೆದು ಬರಬಲ್ಲವರೂ ಮನೆಯಲ್ಲಿ ಕುಳಿತು ನೋಡುವರೆಂಬುದು ನಿಲ್ಲಿಸಬೇಕೆನ್ನುವವರ ದೂರು. ಹಾಸಿಗೆ ಹಿಡಿದವರಿಗೂ ಹೊರದೇಶದವರಿಗೂ ಅದೊಂದೇ ಕಿಟಕಿಯೆಂಬುದು ಮುಂದುವರಿಸಬೇಕೆನ್ನುವವರ ಉತ್ತರ. ನನ್ನ ಮತ ಎರಡನೆಯವರ ಕಡೆಗೆ. ಜೊತೆಗೆ, ಹಾಸಿಗೆ ಹಿಡಿದವರ ಮನೆಗೆ ವಾರ್ಡಿನ ಯಾರಾದರೊಬ್ಬರು ಹೋಗಿ ಅವರ ಪಕ್ಕದಲ್ಲಿ ಕುಳಿತು ಆ ಪ್ರಸಾರವನ್ನು ನೋಡಲಿ ಎಂದು ಗುರ್ಕಾರರಿಗೆ ಒಂದು ಚೀಟಿ ಬರೆದುಕೊಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ನಮ್ಮ ಕಾಲೇಜಿನಲ್ಲಿ ಕೊಲ್ಲಿಯಲ್ಲಿ ತಂದೆಯಿರುವ ಬ್ಯಾರಿ ಸಹಪಾಠಿಗಳಿದ್ದಾರೆ; ಮುಂಬಯಿಯ ಹೋಟೆಲುಗಳಲ್ಲಿ ಅಣ್ಣಂದಿರಿರುವ ಬಂಟ, ಬಿಲ್ಲವ ಗೆಳತಿಯರಿದ್ದಾರೆ. ಅವರ ಮನೆಗಳಲ್ಲಿ ಸಂಜೆಯ ದೀಪ ಹಚ್ಚುವ ಹೊತ್ತಿಗೆ, ಮಗ್‌ರಿಬ್ ಬಾಂಗಿನ ಹೊತ್ತಿಗೆ ಮೊಬೈಲು ಏನು ಮಾಡುತ್ತಿದೆಯೆಂಬುದನ್ನು ಅವರೇ ಬರೆಯಬೇಕು. ಮುಂದಿನ ವರ್ಷದ ಸಂಚಿಕೆ ಹೊರಡುವ ವೇಳೆಗೆ ನಾನು ಇಲ್ಲಿರುವುದಿಲ್ಲ. ಆದರೂ ಒಂದು ಪ್ರತಿಯನ್ನು ತರಿಸಿಕೊಳ್ಳುವೆನೆಂದು ಗ್ರಂಥಪಾಲಕರಿಗೆ ಈಗಲೇ ಹೇಳಿಟ್ಟಿದ್ದೇನೆ.